ಸಿಸ್ಟರ್ ಸುಬ್ಬಲಕ್ಷ್ಮಿ: ಮರೀನಾ ದಂಡೆಯ ವಿದ್ಯಾಮಾತೆ

ಮರೀನಾ ಕಡಲತೀರದ ಕಾಮರಾಜರ್ ರಸ್ತೆಯಲ್ಲಿ ಓಡಾಡದ ಚೆನ್ನೈ ಕನ್ನಡಿಗರು ವಿರಳ. ಊರಿನಿಂದ ಬಂದ ನೆಂಟರಿಷ್ಟರಿಗೆ ಕಡಲು ತೋರಿಸಲು ಕರೆದೊಯ್ಯುವುದು ಇಲ್ಲಿಗೇ. ಈ ರಸ್ತೆಯ ಒಂದೆಡೆ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡವಿದೆ. ಅದೇ ಸಾಲಿನಲ್ಲಿ ಮುಂದೆ, ಇಂದು ವಿವೇಕಾನಂದರ್ ಇಲ್ಲಂ ಎಂದು ಹೆಸರಾದ, ಹಳಬರು ಐಸ್‌ಹೌಸ್ ಎಂದೇ ಕರೆಯುವ ದುಂಡನೆಯ ಕಟ್ಟಡವಿದೆ. ಇವುಗಳ ನೆರೆಯಲ್ಲೇ ಲೇಡಿ ವಿಲಿಂಗ್ಡನ್ ಹೆಸರಿನ ಶಿಕ್ಷಕರ ತರಬೇತಿ ಸಂಸ್ಥೆಯೂ ಶಾಲೆಯೂ ಇವೆ. ಮೊದಲನೆಯದರಲ್ಲಿ ಓದಿ, ಎರಡನೆಯದರಲ್ಲಿ ನೂರಾರು ಅನಾಥ ಹೆಣ್ಣುಜೀವಗಳಿಗೆ ತಾಯಾಗಿ, ಮೂರನೆಯದನ್ನು ಕಟ್ಟಿ ನಡೆಸಿದ ಮಹನೀಯೆ ಒಬ್ಬರೇ. ಅವರೇ ಆರ್. ಎಸ್. ಸುಬ್ಬಲಕ್ಷ್ಮಿ ಅಮ್ಮಾಳ್. ಮದರಾಸಿನ ಜನ ಅವರನ್ನು ಪ್ರೀತಿಯಿಂದ ಸಿಸ್ಟರ್ ಎಂದರು, ಆ ಹೆಸರೇ ಕೊನೆಯವರೆಗೆ ಉಳಿಯಿತು.

ಇವರ ಬಾಳು ಒಬ್ಬ ಸಮಾಜ ಸುಧಾರಕಿಯ ಕಥೆ ಮಾತ್ರವಲ್ಲ. ಸರ್ಕಾರದ ಹಣದಿಂದ ಹೆಣ್ಣುಮಕ್ಕಳಿಗೆ ಪ್ರೌಢ ಶಿಕ್ಷಣ ಕೊಡುವುದು ಎಷ್ಟು ಕಠಿಣವಾಗಿತ್ತು, ಅದಕ್ಕೆ ಯಾವ ಯಾವ ಬೆಲೆ ತೆರಬೇಕಾಯಿತು ಎಂಬುದನ್ನೂ ಅದು ತಿಳಿಸುತ್ತದೆ. ಇಂದು ನಮ್ಮ ಮನೆಗಳ ಹೆಣ್ಣುಮಕ್ಕಳು ಶಾಲೆ ಕಾಲೇಜುಗಳಿಗೆ ಸಹಜವಾಗಿ ಹೋಗಿ ಬರುತ್ತಿರುವಾಗ ಆ ಬೆಲೆಯನ್ನು ನೆನೆಯುವುದು ಉಚಿತ.

ಬಾಲ್ಯ ಮತ್ತು ವೈಧವ್ಯ

ಸುಬ್ಬಲಕ್ಷ್ಮಿಯವರು 1886ರ ಆಗಸ್ಟ್ 18ರಂದು ಮದರಾಸಿನ ಮೈಲಾಪುರದಲ್ಲಿ ಜನಿಸಿದರು. ತಂದೆ ಆರ್. ವಿ. ಸುಬ್ರಹ್ಮಣ್ಯ ಅಯ್ಯರ್, ತಾಯಿ ವಿಶಾಲಾಕ್ಷಿ. ಇವರದು ತಂಜಾವೂರು ಜಿಲ್ಲೆಯ ಋಷಿಯೂರಿನ ಮೂಲದ ಬ್ರಾಹ್ಮಣ ಮನೆತನ. ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದರು. ಹಿರಿಯ ಮಗಳಾದ ಸುಬ್ಬಲಕ್ಷ್ಮಿ ಚಿಕ್ಕಂದಿನಿಂದಲೇ ಅಸಾಧಾರಣ ಬುದ್ಧಿವಂತೆ. ಒಂಬತ್ತನೆಯ ವಯಸ್ಸಿನಲ್ಲಿ ನಾಲ್ಕನೆಯ ತರಗತಿಯ ಸಾರ್ವಜನಿಕ ಪರೀಕ್ಷೆಗೆ ಕುಳಿತು ಇಡೀ ಚೆಂಗಲ್ಪಟ್ಟು ಜಿಲ್ಲೆಗೆ ಮೊದಲಿಗಳಾಗಿ ತೇರ್ಗಡೆಯಾದಳು.

ಅಂದಿನ ಸಂಪ್ರದಾಯದಂತೆ ಋತುಮತಿಯಾಗುವ ಮುನ್ನವೇ ಮದುವೆ ನಡೆಯಿತು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡ ತೀರಿಕೊಂಡ. ಸಂಸಾರವೆಂದರೇನೆಂದು ಅರಿಯದ ಬಾಲಕಿ ವಿಧವೆಯೆನಿಸಿದಳು.

ಇದರ ಅರ್ಥವೇನೆಂದು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಒಪ್ಪೊತ್ತಿನ ಊಟದಲ್ಲಿ, ಹಬ್ಬ ಹಸೆಗಳಿಗೆ ಮುಖ ತೋರದೆ ಮಡಿಯ ಅಡುಗೆಮನೆಯಲ್ಲೇ ಆಯುಷ್ಯ ಸವೆಸಿದ ಸೋದರತ್ತೆಯರು, ದೊಡ್ಡಮ್ಮಂದಿರು ಕನ್ನಡದ ಅನೇಕ ಕುಟುಂಬಗಳಲ್ಲೂ ಇದ್ದರು. ಎಂ. ಕೆ. ಇಂದಿರಾ ಅವರ ಫಣಿಯಮ್ಮ ಕಾದಂಬರಿಯನ್ನು ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದಾಗ ನೋಡಿದವರಿಗೆ ಆ ಬಾಳಿನ ಪರಿಚಯವಿದ್ದೇ ಇದೆ.

ಸುಬ್ಬಲಕ್ಷ್ಮಿಯವರ ತಂದೆ ತಾಯಿಗಳು ಮಗಳನ್ನು ಆ ಕತ್ತಲೆಗೆ ನೂಕಲು ಒಪ್ಪಲಿಲ್ಲ. ತಂದೆ ಮನೆಯಲ್ಲೇ ಪಾಠ ಹೇಳಿಸಿದರು, ಆಮೇಲೆ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಪ್ರೆಸೆಂಟೇಶನ್ ಕಾನ್ವೆಂಟಿಗೆ ಕಳುಹಿಸಿದರು. ವಿಧವೆಯಾದ ಬ್ರಾಹ್ಮಣ ಕನ್ಯೆಯೊಬ್ಬಳು ಕಾನ್ವೆಂಟಿಗೆ ಹೋಗುವುದೆಂದರೆ ನೆರೆಹೊರೆಯವರ ನಿಂದೆಗೆ, ಬಂಧುಗಳ ಬಹಿಷ್ಕಾರದ ಬೆದರಿಕೆಗೆ ಗುರಿಯಾಗುವ ಸಂಗತಿ. ತಾಯಿಯ ತಂಗಿ ವಾಲಾಂಬಾಳ್ ಕೂಡ ಸಣ್ಣ ವಯಸ್ಸಿನಲ್ಲೇ ವಿಧವೆಯಾದವರು. ಅಕ್ಕನ ಮಗಳ ಓದಿಗೆ ಅವರು ಒತ್ತಾಸೆಯಾಗಿ ನಿಂತರು. ಮುಂದೆ ಸುಬ್ಬಲಕ್ಷ್ಮಿಯವರು ಕೈಗೊಂಡ ಕಾರ್ಯದಲ್ಲೂ ಈ ಚಿಕ್ಕಮ್ಮನ ಪಾತ್ರ ದೊಡ್ಡದು.

ಕಾನ್ವೆಂಟಿನ ಸನ್ಯಾಸಿನಿಯರು ತಮ್ಮ ಬಾಳನ್ನೇ ಪರರ ಮಕ್ಕಳ ಶಿಕ್ಷಣಕ್ಕೆ ಮುಡಿಪಾಗಿಟ್ಟಿದ್ದು ಸುಬ್ಬಲಕ್ಷ್ಮಿಯವರ ಮನಸ್ಸಿನಲ್ಲಿ ಆಳವಾಗಿ ನಾಟಿತು. ಅವರು ತಮ್ಮ ಧರ್ಮವನ್ನು ಬಿಡಲಿಲ್ಲ, ಆ ಸೇವಾದೀಕ್ಷೆಯನ್ನು ಮಾತ್ರ ತಮ್ಮದಾಗಿಸಿಕೊಂಡರು. ಸಿಸ್ಟರ್ ಎಂಬ ಹೆಸರು ಬಂದುದರ ಹಿನ್ನೆಲೆ ಇದೇ.

ಪದವಿ

ಮುಂದೆ ಅವರು ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. 1911ರಲ್ಲಿ ಪ್ರಥಮ ದರ್ಜೆಯಲ್ಲಿ ಬಿ.ಎ. ಪದವಿ ಪಡೆದರು. ಮದರಾಸು ಪ್ರಾಂತದಲ್ಲಿ ಪದವೀಧರೆಯಾದ ಮೊದಲ ಹಿಂದೂ ಮಹಿಳೆಯೆಂದು ಅವರ ಹೆಸರು ಚರಿತ್ರೆಯಲ್ಲಿ ದಾಖಲಾಗಿದೆ. ಅಂದಿನ ಮದರಾಸು ಪ್ರಾಂತವೆಂದರೆ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನೂ ಒಳಗೊಂಡ ವಿಶಾಲ ಆಡಳಿತ ಪ್ರದೇಶವೆಂಬುದನ್ನು ಓದುಗರು ನೆನಪಿಡಬೇಕು. ಮಂಗಳೂರು, ಉಡುಪಿ, ಕಾಸರಗೋಡು, ಬಳ್ಳಾರಿಗಳ ಶಾಲೆಗಳಿಗೂ ಅನ್ವಯಿಸುತ್ತಿದ್ದುದು ಇದೇ ಮದರಾಸು ಸರ್ಕಾರದ ಶಿಕ್ಷಣ ನೀತಿ.

ಶಿಕ್ಷಕಿಯರು ಎಲ್ಲಿಂದ ಬರಬೇಕು?

ಆ ಕಾಲದಲ್ಲಿ ಶಿಕ್ಷಣ ಇಲಾಖೆಯನ್ನು ಕಾಡುತ್ತಿದ್ದ ಪ್ರಶ್ನೆ ಇದು. ಹೆಣ್ಣುಮಕ್ಕಳು ದೊಡ್ಡವರಾಗುತ್ತಿದ್ದಂತೆ ತಂದೆತಾಯಿಗಳು ಶಾಲೆ ಬಿಡಿಸುತ್ತಿದ್ದರು. ಗಂಡಸರು ಪಾಠ ಹೇಳುವ ಶಾಲೆಗೆ ಬೆಳೆದ ಮಗಳನ್ನು ಕಳುಹಿಸಲು ಯಾರೂ ಸಿದ್ಧರಿರಲಿಲ್ಲ. ಹೆಂಗಸರೇ ಪಾಠ ಹೇಳಬೇಕೆಂದರೆ ಓದಿದ ಹೆಂಗಸರು ಬೇಕು. ಓದಿದ ಹೆಂಗಸರು ಬೇಕೆಂದರೆ ಮೊದಲು ಹೈಸ್ಕೂಲು ಬೇಕು. ಹೈಸ್ಕೂಲು ನಡೆಯಬೇಕೆಂದರೆ ಮತ್ತೆ ಶಿಕ್ಷಕಿಯರೇ ಬೇಕು. ಬೀಜ ಮರದ ಈ ಸುತ್ತು ಎಲ್ಲಿಯೂ ಕಡಿಯುತ್ತಿರಲಿಲ್ಲ.

ಇದ್ದ ಶಿಕ್ಷಕಿಯರಲ್ಲಿ ಹೆಚ್ಚಿನವರು ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಅಥವಾ ದೇಶೀಯ ಕ್ರೈಸ್ತರು. ಮೇಲ್ಜಾತಿಯ ಹಿಂದೂ ಹೆಣ್ಣುಗಳೆಲ್ಲ ಬಾಲ್ಯದಲ್ಲೇ ಮದುವೆಯಾಗಿ ಗಂಡನ ಮನೆ ಸೇರುತ್ತಿದ್ದುದರಿಂದ ಅವರಲ್ಲಿ ಉದ್ಯೋಗಕ್ಕೆ ಬರಬಲ್ಲವರೇ ಇರಲಿಲ್ಲ. ಉಳಿದವರು ಒಬ್ಬರೇ, ಬಾಲವಿಧವೆಯರು. ಸಮಾಜ ಯಾರನ್ನು ಅಮಂಗಳೆಯೆಂದು ಮೂಲೆಗೆ ತಳ್ಳಿತ್ತೋ ಅವರೇ ಮುಂದಿನ ಪೀಳಿಗೆಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬಲ್ಲರು ಎಂಬ ಆಲೋಚನೆ ಶಾಲಾ ತನಿಖಾಧಿಕಾರಿಯಾಗಿದ್ದ ಮಿಸ್ ಕ್ರಿಸ್ಟಿನಾ ಲಿಂಚ್ ಅವರಿಗೂ ಬಂದಿತ್ತು, ಸುಬ್ಬಲಕ್ಷ್ಮಿಯವರಿಗೂ ಬಂದಿತ್ತು. ಇಬ್ಬರ ಪರಿಚಯವಾದದ್ದು ಶುಭಯೋಗವೆನ್ನಬೇಕು.

ಆದರೆ ಇಬ್ಬರ ದೃಷ್ಟಿ ಪೂರ್ತಿ ಒಂದೇ ಆಗಿರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದುದು ಶಿಕ್ಷಕಿಯರು. ಸುಬ್ಬಲಕ್ಷ್ಮಿಯವರಿಗೆ ಬೇಕಾಗಿದ್ದುದು ಆ ಹುಡುಗಿಯರ ಬಿಡುಗಡೆ. ಒಂದೇ ಗಾಡಿಯಲ್ಲಿ ಎರಡೂ ಗುರಿಗಳನ್ನು ಮುಟ್ಟಬಹುದೆಂದು ಅವರು ಕಂಡುಕೊಂಡದ್ದೇ ಮುಂದಿನ ಮೂರು ದಶಕಗಳ ಕೆಲಸಕ್ಕೆ ತಳಪಾಯವಾಯಿತು.

ಎಗ್ಮೋರಿನಿಂದ ಐಸ್‌ಹೌಸಿಗೆ

1912ರಲ್ಲಿ ಶಾರದಾ ಲೇಡೀಸ್ ಯೂನಿಯನ್ ಎಂಬ ಮಹಿಳಾ ಸಂಘ ಆರಂಭವಾಯಿತು. ಅದೇ ವರ್ಷ ಎಗ್ಮೋರಿನಲ್ಲಿ ಬೆರಳೆಣಿಕೆಯಷ್ಟು ಬಾಲವಿಧವೆಯರನ್ನು ಸೇರಿಸಿಕೊಂಡು ಶಾರದಾ ಇಲ್ಲಂ ಪ್ರಾರಂಭವಾಯಿತು. ಸಂಖ್ಯೆ ಬೆಳೆದಂತೆ ತಿರುವಲ್ಲಿಕ್ಕೇಣಿಗೆ, ಅಲ್ಲಿಂದ ಕಡಲತೀರದ ಐಸ್‌ಹೌಸಿಗೆ ನೆಲೆ ಬದಲಾಯಿತು. ಸರ್ಕಾರ ಹೋಮಿನ ವೆಚ್ಚಕ್ಕೆ ನೆರವಾಯಿತು, ಸಿಸ್ಟರ್ ಸರ್ಕಾರಿ ಶಿಕ್ಷಣ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಅದರ ಹೊಣೆ ಹೊತ್ತರು.

ಐಸ್‌ಹೌಸಿನ ಇತಿಹಾಸವೂ ಸ್ವಾರಸ್ಯಕರ. ಅಮೆರಿಕದ ಬಾಸ್ಟನ್ ಕಡೆಯಿಂದ ಹಡಗಿನಲ್ಲಿ ತಂದ ಮಂಜುಗಡ್ಡೆಯನ್ನು ದಾಸ್ತಾನು ಮಾಡಲು ಟ್ಯೂಡರ್ ಕಂಪನಿಯವರು 1842ರಲ್ಲಿ ಅದನ್ನು ಕಟ್ಟಿಸಿದರು. ಇಲ್ಲಿಯೇ ಮಂಜುಗಡ್ಡೆ ತಯಾರಿಸುವ ಯಂತ್ರಗಳು ಬಂದ ಮೇಲೆ ಆ ವ್ಯಾಪಾರ ನಿಂತಿತು. ಬಳಿಕ ವಕೀಲ ಬಿಳಿಗಿರಿ ಅಯ್ಯಂಗಾರ್ಯರು ಅದನ್ನು ಕೊಂಡು ಮನೆಯಾಗಿ ಮಾರ್ಪಡಿಸಿದರು. ಪಾಶ್ಚಾತ್ಯ ದೇಶಗಳಿಂದ ಹಿಂತಿರುಗಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ತಂಗಿದ್ದು ಇಲ್ಲಿಯೇ. ದಕ್ಷಿಣ ಭಾರತದ ಶ್ರೀರಾಮಕೃಷ್ಣ ಮಠ ಮೊದಲು ನೆಲೆಗೊಂಡದ್ದೂ ಇಲ್ಲಿಯೇ. ಒಂದು ಕಾಲಕ್ಕೆ ಮಂಜುಗಡ್ಡೆ ಕಾಪಾಡಿದ ಗೋಡೆಗಳು ಈಗ ಎಳೆಯ ಜೀವಗಳನ್ನು ಕಾಪಾಡತೊಡಗಿದವು.

ಹೋಮಿನ ದಿನಚರಿ ಕಟ್ಟುನಿಟ್ಟಾಗಿತ್ತು. ಸಂಪ್ರದಾಯಸ್ಥರ ಮನೆಗಳಲ್ಲಿರುವಂತೆಯೇ ಮಡಿ, ಮೈಲಿಗೆ, ವ್ರತ, ಪೂಜೆಗಳ ಪಾಲನೆಯಾಗುತ್ತಿತ್ತು. ಬ್ರಾಹ್ಮಣ ಹುಡುಗಿಯರಿಗೆ ಮಾತ್ರ ಪ್ರವೇಶವಿತ್ತು. ಅಡುಗೆ, ಮನೆವಾರ್ತೆಗಳನ್ನು ಚಿಕ್ಕಮ್ಮ ವಾಲಾಂಬಾಳ್ ನೋಡಿಕೊಂಡರು. ಓದು ಬಾರದ ಹುಡುಗಿಯರಿಗೆ ಮೊದಲು ಅಕ್ಷರಾಭ್ಯಾಸ, ಬಳಿಕ ಶಾಲೆಯ ತರಗತಿಗಳು, ಕೊನೆಗೆ ಶಿಕ್ಷಕಿಯ ತರಬೇತಿ. ಚುರುಕಾದವರಿಗೆ ಕಾಲೇಜಿನ ಬಾಗಿಲೂ ತೆರೆದಿತ್ತು.

ಸಿಸ್ಟರ್ ಅವರ ಕುರಿತು ಅಂದೂ ಇಂದೂ ಚರ್ಚೆಯಾಗುವುದು ಈ ಅಂಶದಲ್ಲೇ. ಸಂಪ್ರದಾಯವಾದಿಗಳು ಅವರನ್ನು ಕುಲಗೆಡಿಸುವವಳೆಂದು ಜರೆದರು. ಸುಧಾರಕರಲ್ಲಿ ಕೆಲವರು, ವಿಧವಾ ವಿವಾಹದ ಮಾತೆತ್ತದೆ ಮಡಿಯನ್ನು ಪೋಷಿಸುತ್ತಿದ್ದಾರೆಂದು ಆಕ್ಷೇಪಿಸಿದರು. ಸಾರ್ವಜನಿಕರ ತೆರಿಗೆಯ ಹಣದಲ್ಲಿ ಒಂದೇ ಜಾತಿಯ ಹುಡುಗಿಯರಿಗೆ ಆಸರೆ ಕೊಡುವುದು ನ್ಯಾಯವೇ ಎಂಬ ಪ್ರಶ್ನೆಯಂತೂ ತಳ್ಳಿಹಾಕುವಂಥದಲ್ಲ. 1920ರಲ್ಲಿ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷ ಅಧಿಕಾರಕ್ಕೆ ಬಂದ ಮದರಾಸಿನಲ್ಲಿ ಆ ಪ್ರಶ್ನೆಗೆ ವಿಶೇಷ ತೂಕವಿತ್ತು.

ಸಿಸ್ಟರ್ ಅವರ ಲೆಕ್ಕಾಚಾರ ಬೇರೆಯಾಗಿತ್ತು. ವಿಧವೆಯಾದ ಮಗಳನ್ನು ಮನೆಯಿಂದ ಹೊರಗೆ ಕಳುಹಿಸುವ ಅಧಿಕಾರ ಇದ್ದುದು ತಂದೆ, ಅಣ್ಣ, ಮಾವಂದಿರ ಕೈಯಲ್ಲಿ. ಅವರ ವಿಶ್ವಾಸ ಗಳಿಸದ ಹೊರತು ಒಬ್ಬ ಹುಡುಗಿಯೂ ಹೋಮಿನ ಹೊಸ್ತಿಲು ತುಳಿಯಲಾರಳು. ಮಡಿಯ ವಿಷಯದಲ್ಲಿ ಒಂದು ಅಪವಾದ ಬಂದರೆ ಸಾಕು, ಇದ್ದವರನ್ನೂ ಮನೆಯವರು ವಾಪಸು ಕರೆದೊಯ್ಯುತ್ತಿದ್ದರು. ಆದುದರಿಂದ ಅವರು ಅಡುಗೆಮನೆಯಲ್ಲಿ ಸಂಪ್ರದಾಯಕ್ಕೆ ತಲೆಬಾಗಿ, ತರಗತಿಯಲ್ಲಿ ಅದರ ಬೇರು ಸಡಿಲಿಸಿದರು. ಇಂಗ್ಲಿಷು, ಗಣಿತ, ವಿಜ್ಞಾನ ಕಲಿತು, ಸ್ವಂತ ಸಂಬಳ ಪಡೆದು, ಪರವೂರಿನಲ್ಲಿ ಕೆಲಸಕ್ಕೆ ನಿಂತ ಹೆಣ್ಣಿಗೆ ಒಳಮನೆಯ ಕತ್ತಲೆ ಮತ್ತೆ ಹಿಡಿಸುವುದಿಲ್ಲವೆಂದು ಅವರು ಬಲ್ಲವರಾಗಿದ್ದರು. ಆ ದಾರಿಯಿಂದ ಹೊರಗುಳಿದ ಇತರ ಜಾತಿಗಳ ಹುಡುಗಿಯರ ನಷ್ಟವನ್ನೂ ನಾವು ಮರೆಯಬಾರದು. ಒಬ್ಬರಿಗೆ ಬಾಗಿಲು ತೆರೆಯಲು ಮತ್ತೊಬ್ಬರ ಮುಂದೆ ಮುಚ್ಚಬೇಕಾಗಿ ಬಂದದ್ದು ಆ ಕಾಲದ ದುರಂತ.

ಲೇಡಿ ವಿಲಿಂಗ್ಡನ್ ಸಂಸ್ಥೆ

1922ರಲ್ಲಿ ಮದರಾಸು ಸರ್ಕಾರ ಮಹಿಳೆಯರಿಗಾಗಿಯೇ ಒಂದು ತರಬೇತಿ ಕಾಲೇಜನ್ನೂ ಅದಕ್ಕೆ ಸೇರಿದ ಅಭ್ಯಾಸ ಶಾಲೆಯನ್ನೂ ಆರಂಭಿಸಿತು. ಅಂದಿನ ಗವರ್ನರ್ ಲಾರ್ಡ್ ವಿಲಿಂಗ್ಡನ್ನರ ಪತ್ನಿಯ ಹೆಸರು ಅದಕ್ಕಿಟ್ಟರು. ಸುಬ್ಬಲಕ್ಷ್ಮಿಯವರು ಅದರ ಮೊದಲ ಪ್ರಾಂಶುಪಾಲರಾದರು. ಪರಾಧೀನ ಭಾರತದಲ್ಲಿ, ಬಾಲವಿಧವೆಯೊಬ್ಬರು ಸರ್ಕಾರಿ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿ ನೇಮಕಗೊಂಡದ್ದು ಸಾಮಾನ್ಯ ಸಂಗತಿಯಲ್ಲ.

ಅಭ್ಯಾಸ ಶಾಲೆಯೆಂದರೇನು ಎಂಬುದನ್ನು ಇಲ್ಲಿ ವಿವರಿಸಬೇಕು. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆ ಹೇಗೋ ಶಿಕ್ಷಕಿಯ ತರಬೇತಿಗೆ ಶಾಲೆ ಹಾಗೆ. ಕಾಲೇಜಿನಲ್ಲಿ ಬೋಧನಾ ಕ್ರಮವನ್ನು ಕಲಿತ ವಿದ್ಯಾರ್ಥಿನಿ ಪಕ್ಕದ ಶಾಲೆಯ ನಿಜವಾದ ತರಗತಿಯಲ್ಲಿ, ನಿಜವಾದ ಮಕ್ಕಳ ಮುಂದೆ ನಿಂತು ಪಾಠ ಹೇಳಬೇಕು. ಅನುಭವಿ ಗುರುಗಳು ಹಿಂದೆ ಕುಳಿತು ಗಮನಿಸಿ ತಿದ್ದುತ್ತಾರೆ. ಹೀಗೆ ಒಂದೇ ಸಂಸ್ಥೆಯಲ್ಲಿ ಎರಡು ಫಲ. ಊರಿನ ಹೆಣ್ಣುಮಕ್ಕಳಿಗೆ ಹೈಸ್ಕೂಲು ಸಿಕ್ಕಿತು, ಪ್ರಾಂತದ ಶಾಲೆಗಳಿಗೆ ನುರಿತ ಶಿಕ್ಷಕಿಯರು ಸಿಕ್ಕರು. ಹಿಂದೆ ಹೇಳಿದ ಬೀಜ ಮರದ ಸುತ್ತು ಕಡಿದದ್ದು ಇಲ್ಲಿಯೇ.

ಇಲ್ಲಿ ಪದವೀಧರೆಯರಿಗೂ, ಅಷ್ಟು ಓದದ ಹುಡುಗಿಯರಿಗೂ ಬೇರೆ ಬೇರೆ ಮಟ್ಟದ ತರಬೇತಿಯಿತ್ತು. ಇಂಗ್ಲಿಷಿಗೆ ಒತ್ತು ಕೊಡಲಾಯಿತು. ದೈಹಿಕ ಶಿಕ್ಷಣಕ್ಕೂ ಕೈಕಸುಬುಗಳಿಗೂ ಸ್ಥಾನವಿತ್ತು. ಮನೆಯಂಗಳ ದಾಟದಿದ್ದ ಹುಡುಗಿಯರು ಬಯಲಿನಲ್ಲಿ ಆಟವಾಡುವುದೂ ಅಂದು ಒಂದು ಕ್ರಾಂತಿಯೇ ಆಗಿತ್ತು.

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬದುಕು ಸವೆಸಿದ ನನಗೆ ಈ ಯೋಜನೆಯ ಅರ್ಥಶಾಸ್ತ್ರ ವಿಶೇಷವಾಗಿ ಹಿಡಿಸುತ್ತದೆ. ದಾನಿಗಳ ಹಣದಿಂದ ನಡೆಯುವ ಆಶ್ರಮ ದಾನಿಯ ಆಯುಷ್ಯವಿರುವಷ್ಟು ದಿನ ನಡೆಯುತ್ತದೆ. ಸರ್ಕಾರದ ಆಯವ್ಯಯ ಪಟ್ಟಿಯಲ್ಲಿ ಒಮ್ಮೆ ಸೇರಿದ ಶಾಲೆ ಗವರ್ನರು ಬದಲಾದರೂ, ಪಕ್ಷ ಬದಲಾದರೂ, ದೊರೆತನವೇ ಬದಲಾದರೂ ಉಳಿಯುತ್ತದೆ. ಅಲ್ಲಿ ತರಬೇತಾದ ಒಬ್ಬ ಶಿಕ್ಷಕಿ ತನ್ನ ಸೇವಾವಧಿಯಲ್ಲಿ ನೂರಾರು ಮಕ್ಕಳಿಗೆ ಕಲಿಸುತ್ತಾಳೆ. ಚಕ್ರಬಡ್ಡಿಗಿಂತ ವೇಗವಾಗಿ ಬೆಳೆಯುವ ಬಂಡವಾಳವೆಂದರೆ ಇದೊಂದೇ.

ಐಸ್‌ಹೌಸಿನ ಹೋಮ್ ಎಳೆಯ ವಯಸ್ಸಿನವರಿಗೆ ಮೀಸಲಾಗಿದ್ದುದರಿಂದ ವಯಸ್ಸು ಮೀರಿದ ವಿಧವೆಯರಿಗೆ ಗತಿಯಿರಲಿಲ್ಲ. ಅವರಿಗಾಗಿ 1927ರಲ್ಲಿ ಶಾರದಾ ಲೇಡೀಸ್ ಯೂನಿಯನ್ನಿನ ಆಶ್ರಯದಲ್ಲಿ ವಸತಿಯುಳ್ಳ ಶಾರದಾ ವಿದ್ಯಾಲಯವನ್ನು ಆರಂಭಿಸಿದರು. ಮುಂದೆ ಇದರ ಆಡಳಿತವನ್ನು ಶ್ರೀರಾಮಕೃಷ್ಣ ಮಿಷನ್ ವಹಿಸಿಕೊಂಡಿತು. ಟಿ. ನಗರದ ಶಾರದಾ ವಿದ್ಯಾಲಯದ ಹೆಸರು ಕೇಳದ ಚೆನ್ನೈ ಕನ್ನಡ ಕುಟುಂಬ ಅಪರೂಪ.

ಸರ್ಕಾರಿ ನೌಕರಿಯ ಕಟ್ಟುಪಾಡು

ಸರ್ಕಾರದ ಹಣ ಬರಿಗೈಯಲ್ಲಿ ಬರುವುದಿಲ್ಲ, ನಿಯಮಗಳೊಡನೆ ಬರುತ್ತದೆ. 1917ರಲ್ಲಿ ಅಡ್ಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಆನಿ ಬೆಸೆಂಟ್ ಮೊದಲಾದವರು ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದಾಗ, ಸರ್ಕಾರಿ ನೌಕರರಾಗಿದ್ದ ಸಿಸ್ಟರ್ ಅದರ ಸದಸ್ಯರಾಗುವಂತಿರಲಿಲ್ಲ. ಸಂಘದ ಮಹಿಳೆಯರು ಮತದಾನದ ಹಕ್ಕಿಗಾಗಿ ಹೋರಾಡಿದರು. ಸಿಸ್ಟರ್ ಹುಟ್ಟಿದ ವರ್ಷವೇ ಹುಟ್ಟಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಶಾಸನ ಪರಿಷತ್ತಿನ ಸದಸ್ಯೆಯಾಗಿ ಹೆಣ್ಣುಮಕ್ಕಳ ಪರವಾಗಿ ಗುಡುಗಿದರು. ಆ ವರ್ಷಗಳಲ್ಲಿ ಸಿಸ್ಟರ್ ಅವರ ಪಾಲಿಗೆ ಬಂದುದು ಹಾಜರಿ ಪುಸ್ತಕ, ವೇಳಾಪಟ್ಟಿ, ಹಾಸ್ಟೆಲಿನ ಅಕ್ಕಿ ಬೇಳೆಯ ಲೆಕ್ಕ. ಹೋರಾಟದ ವೇದಿಕೆಯ ಕೀರ್ತಿಯನ್ನು ಶಾಲೆಗಾಗಿ ಬಿಟ್ಟುಕೊಟ್ಟದ್ದು ಸಣ್ಣ ತ್ಯಾಗವಲ್ಲ.

ಹಾಗೆಂದು ಅವರು ಪೂರ್ತಿ ಮೌನವಾಗಿದ್ದರೆಂದಲ್ಲ. ಬಾಲ್ಯವಿವಾಹದ ವಿಷಯದಲ್ಲಿ ಅವರು ಹಿಂಜರಿಯಲಿಲ್ಲ. ಸಮ್ಮತಿ ವಯಸ್ಸಿನ ಕುರಿತು ನೇಮಕವಾದ ಜೋಶಿ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಹೆಣ್ಣಿನ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿದ ಶಾರದಾ ಕಾಯಿದೆ 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲಿನಿಂದ ಜಾರಿಗೆ ಬಂದಿತು. ಬಾಲ್ಯವಿವಾಹ ನಿಂತರೆ ಬಾಲವೈಧವ್ಯವೂ ನಿಲ್ಲುತ್ತದೆ, ತಮ್ಮ ಹೋಮಿಗೆ ಬರುವವರೇ ಇಲ್ಲವಾಗುತ್ತಾರೆ. ತಾನು ಕಟ್ಟಿದ ಸಂಸ್ಥೆಯ ಅಗತ್ಯವೇ ಮುಗಿಯಲೆಂದು ದುಡಿದವರು ಲೋಕದಲ್ಲಿ ಎಷ್ಟು ಮಂದಿ?

ಕನ್ನಡ ನಾಡಿನ ಸಮಕಾಲೀನರು

ಸಿಸ್ಟರ್ ಅವರ ಬಾಳನ್ನು ಓದುವಾಗ ನಮ್ಮ ನಾಡಿನ ಕೆಲವು ಹೆಸರುಗಳು ತಾವಾಗಿ ನೆನಪಿಗೆ ಬರುತ್ತವೆ. ಬಾಲವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ನಂಜನಗೂಡು ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ, ಸಿಸ್ಟರ್ ಅವರಿಗಿಂತ ಒಂದೇ ವರ್ಷಕ್ಕೆ ಕಿರಿಯರು. ಅವರೂ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಸತೀಹಿತೈಷಿಣಿ ಗ್ರಂಥಮಾಲೆಯನ್ನೂ ಕರ್ನಾಟಕ ನಂದಿನಿ ಪತ್ರಿಕೆಯನ್ನೂ ನಡೆಸಿ ಹೊಸಗನ್ನಡದ ಆದ್ಯ ಲೇಖಕಿಯೆನಿಸಿದರು. ಬಾಲವಿಧವೆಯಾದ ಆರ್. ಕಲ್ಯಾಣಮ್ಮನವರು 1913ರಲ್ಲಿ ಬೆಂಗಳೂರಿನಲ್ಲಿ ಶಾರದಾ ಸ್ತ್ರೀ ಸಮಾಜವನ್ನು ಕಟ್ಟಿದರು.

ಮೈಸೂರಿನಲ್ಲಿ ಅರಮನೆಯ ಆಶ್ರಯವೇ ಹೆಣ್ಣುಮಕ್ಕಳ ಪ್ರೌಢ ಶಿಕ್ಷಣಕ್ಕೆ ದಾರಿ ಮಾಡಿಕೊಟ್ಟಿತ್ತು. 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಆರಂಭಿಸಿದ ಬಾಲಿಕಾ ಪಾಠಶಾಲೆ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಮದರಾಸಿನಲ್ಲಿ ಅಂತಹ ಅರಮನೆಯಿರಲಿಲ್ಲ. ಇಲ್ಲಿ ಸಾಮಾನ್ಯ ಮಧ್ಯಮ ವರ್ಗದ ಮಹಿಳೆಯೊಬ್ಬರು ಪರಕೀಯ ಸರ್ಕಾರದ ಕಚೇರಿಗಳ ಮೆಟ್ಟಿಲು ಹತ್ತಿಳಿದು ಅದೇ ಕೆಲಸವನ್ನು ಸಾಧಿಸಬೇಕಾಯಿತು.

ನಿವೃತ್ತಿಯ ನಂತರ

ಸಿಸ್ಟರ್ ಅವರ ಸೇವೆಯನ್ನು ಗುರುತಿಸಿ ಸರ್ಕಾರ 1920ರಲ್ಲಿಯೇ ಕೈಸರ್-ಎ-ಹಿಂದ್ ಚಿನ್ನದ ಪದಕವನ್ನು ನೀಡಿತ್ತು. ನಿವೃತ್ತರಾದ ಮೇಲೂ ಅವರು ವಿಶ್ರಾಂತಿ ಬಯಸಲಿಲ್ಲ. 1942ರಲ್ಲಿ ಮೈಲಾಪುರದಲ್ಲಿ ವಯಸ್ಕ ಸ್ತ್ರೀಯರಿಗಾಗಿ ಶ್ರೀವಿದ್ಯಾ ಕಲಾನಿಲಯವನ್ನು ಆರಂಭಿಸಿದರು. ಹಿಂದೆ ಸೇರಲಾಗದಿದ್ದ ಭಾರತೀಯ ಮಹಿಳಾ ಸಂಘದ ಕೆಲಸದಲ್ಲಿ ಈಗ ಮನಬಿಚ್ಚಿ ಪಾಲ್ಗೊಂಡರು. ಸ್ವತಂತ್ರ ಭಾರತದಲ್ಲಿ 1952ರಿಂದ 1956ರವರೆಗೆ ಮದರಾಸು ವಿಧಾನ ಪರಿಷತ್ತಿನ ನಾಮನಿರ್ದೇಶಿತ ಸದಸ್ಯರಾಗಿದ್ದರು. ತಾಂಬರಂ ಬಳಿಯ ಮಾಡಂಬಾಕ್ಕಂ ಗ್ರಾಮದಲ್ಲಿ ಮಹಿಳಾ ಕಲ್ಯಾಣ ಕೇಂದ್ರ ಸ್ಥಾಪನೆಗೆ ನೆರವಾದರು. 1956ರಲ್ಲಿ ಮೈಲಾಪುರದ ಮಹಿಳಾ ಕ್ಲಬ್ಬಿನ ವತಿಯಿಂದ ಆರಂಭವಾದ ವಿದ್ಯಾಮಂದಿರ ಶಾಲೆಯ ಹಿಂದೆಯೂ ಅವರ ಪ್ರೇರಣೆಯಿತ್ತು. 1958ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಇಂಗ್ಲಿಷ್ ಲೇಖಕಿ ಮೋನಿಕಾ ಫೆಲ್ಟನ್ ಅವರು ಬರೆದ ಸಿಸ್ಟರ್ ಅವರ ಜೀವನ ಚರಿತ್ರೆ 1966ರಲ್ಲಿ ಪ್ರಕಟವಾಯಿತು.

1969ರ ಡಿಸೆಂಬರ್ 20, ವೈಕುಂಠ ಏಕಾದಶಿಯ ದಿನ ಸಿಸ್ಟರ್ ಸುಬ್ಬಲಕ್ಷ್ಮಿಯವರು ತಮ್ಮ 83ನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು. ಸ್ವಂತ ಮಕ್ಕಳಿಲ್ಲದಿದ್ದರೂ ಅವರನ್ನು ತಾಯಿಯೆಂದು ಭಾವಿಸಿದ ಹೆಣ್ಣುಮಕ್ಕಳು ಅಸಂಖ್ಯಾತ.

ಅವರ ನೆನಪು ನಮಗೇಕೆ ಬೇಕು?

ಇಂದು ಸರ್ಕಾರಿ ಶಾಲೆಯೆಂದರೆ ಮೂಗು ಮುರಿಯುವುದು ನಮ್ಮಂತಹ ಅನುಕೂಲಸ್ಥ ಕುಟುಂಬಗಳಲ್ಲಿ ರೂಢಿಯಾಗಿದೆ. ನಮ್ಮ ಮಕ್ಕಳು ಮೊಮ್ಮಕ್ಕಳು ಓದುವುದು ಖಾಸಗಿ ಶಾಲೆಗಳಲ್ಲಿ. ಆದರೆ ನಮ್ಮ ಅಜ್ಜಿಯರ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಮೊದಲ ಅಕ್ಷರ ಕಲಿಸಿದ್ದು ಸರ್ಕಾರದ ಸಂಬಳ ಪಡೆದ ಶಿಕ್ಷಕಿಯರು. ಆ ಶಿಕ್ಷಕಿಯರ ಸಾಲಿನ ಹಿಂದೆ, ಮನೆಯವರ ಶಾಪವನ್ನೂ ಸರ್ಕಾರದ ನಿಯಮವನ್ನೂ ಏಕಕಾಲಕ್ಕೆ ಸಹಿಸಿಕೊಂಡು ಒಂದೊಂದೇ ಬಾಗಿಲು ತೆರೆದ ಬಿಳಿಸೀರೆಯ ಈ ಮಹಿಳೆ ನಿಂತಿದ್ದಾರೆ.

ಅವರು ಒಪ್ಪಿಕೊಂಡ ರಾಜಿಗಳನ್ನು ಇಂದಿನ ಅಳತೆಗೋಲಿನಿಂದ ಅಳೆದರೆ ಕೊರತೆಗಳು ಕಾಣುತ್ತವೆ, ಕಾಣಲೇಬೇಕು. ಐಸ್‌ಹೌಸಿನ ಅಡುಗೆಮನೆಯಲ್ಲಿ ಪಾಲಿಸಿದ ಭೇದಗಳನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಅವರು ಕಟ್ಟಿದ ಶಾಲೆಯ ಬಾಗಿಲು ಕಾಲಕ್ರಮದಲ್ಲಿ ಎಲ್ಲ ಜಾತಿ ಮತಗಳ ಹೆಣ್ಣುಮಕ್ಕಳಿಗೂ ತೆರೆಯಿತು. ಮರೀನಾದಲ್ಲಿ ಸಂಜೆಯ ಗಾಳಿ ಸವಿಯಲು ಹೋದಾಗ ಮಕ್ಕಳಿಗೆ ನೇತಾರರ ಪ್ರತಿಮೆಗಳನ್ನು ತೋರಿಸುವ ನಾವು, ರಸ್ತೆಯ ಈಚೆ ಬದಿಯ ಆ ಶಾಲೆಯನ್ನೂ ತೋರಿಸಿ ಅದರ ಕಥೆಯನ್ನು ಹೇಳೋಣ. ಆ ಸೋದರಿಗೆ ನಾವು ಸಲ್ಲಿಸಬಹುದಾದ ನಮನ ಅದೇ.